ಬೆಳ್ಳುಳ್ಳಿಗೆ ಗಡಿಯಾರ ನೋಡಲು ಬರುತ್ತದೆ

ಅಕ್ಟೋಬರ್ ಮೂರನೇ ವಾರ. ಮುಂಬೈಯಲ್ಲಿ ಮಳೆ ಹೋಗಿ ಸೆಕೆ ಕೂತಿರುತ್ತದೆ, ಪುಣೆಯಲ್ಲಿ ಬೆಳಗಿನ ಜಾವಕ್ಕೆ ಹೊದಿಕೆ ಹುಡುಕುವಷ್ಟು ತಂಪು. ಅಡುಗೆಮನೆಯ ಬುಟ್ಟಿಯಲ್ಲಿದ್ದ ಬೆಳ್ಳುಳ್ಳಿಯ ನೆತ್ತಿಯಲ್ಲಿ ಹಸಿರು ಮೊಳಕೆ ಇಣುಕುತ್ತದೆ. "ಎಸೆಯೋದ್ಯಾಕೆ, ಕುಂಡದಲ್ಲಿ ಚುಚ್ಚಿದ್ರಾಯ್ತು" ಎಂಬ ಮಾತು ಮನೆಯ ಯಾರದೋ ಬಾಯಿಂದ ಬೀಳುತ್ತದೆ. ಅನಾಹುತದ ಮುಹೂರ್ತ ಅದೇ.

ಚುಚ್ಚುತ್ತಾರೆ. ಹತ್ತು ದಿನದಲ್ಲಿ ಹಸಿರು ಕಡ್ಡಿ ಮೇಲೆದ್ದು, ಮನೆಮಂದಿಗೆಲ್ಲ ತಾವು ಹುಟ್ಟಾ ರೈತರೆಂಬ ಭ್ರಮೆ ಹುಟ್ಟುತ್ತದೆ. ಊರಿಗೆ ಫೋಟೋ ಹೋಗುತ್ತದೆ. ಡಿಸೆಂಬರ್, ಜನವರಿ, ಫೆಬ್ರವರಿ ನೀರು ಹಾಕಿದ್ದೇ ಹಾಕಿದ್ದು. ಮಾರ್ಚ್ ಕೊನೆಗೆ ಕುಂಡ ಬಗೆದರೆ ಮೇಲೆ ಮೊಣಕೈ ಉದ್ದದ ದಂಟು, ಕೆಳಗೆ ಒತ್ತೊತ್ತಾದ ಬಿಳಿ ಬೇರು. ಗಡ್ಡೆ ಕೇಳಿದವರಿಗೆ ಗಡ್ಡ ಸಿಕ್ಕಿರುತ್ತದೆ.

ಆಮೇಲೆ ವಿಚಾರಣೆ. ಮಣ್ಣು ಸರಿಯಿಲ್ಲ, ಕಾರ್ಪೊರೇಷನ್ ನೀರಿನಲ್ಲಿ ಕ್ಲೋರಿನ್ ಜಾಸ್ತಿ, ಪಕ್ಕದ ಮನೆಯವರ ಕಣ್ಣು ಬಿತ್ತು. ಇವೆಲ್ಲ ನಿರಪರಾಧಿಗಳು. ತಪ್ಪು ನಡೆದದ್ದು ಅಂಗಡಿಯ ತಕ್ಕಡಿಯ ಮುಂದೆ.

ತಿನ್ನಲು ಬೆಳ್ಳುಳ್ಳಿ ಕೊಳ್ಳುವವರು ನೋಡುವುದು ಒಂದೇ: ಎಸಳು ದಪ್ಪಗಿದೆಯೇ, ಬೇಗ ಸುಲಿಯಲು ಬರುತ್ತದೆಯೇ. ಒಂದು ಎಸಳು ಸುಲಿದರೆ ಒಂದು ಒಗ್ಗರಣೆ ಮುಗಿಯಬೇಕು. ವಾಶಿಯ ಕಾಂದಾ-ಬಟಾಟಾ ಮಾರ್ಕೆಟ್ಟಿನಿಂದ ಹಿಡಿದು ಗೋವೆಯ ಮಾಪುಸಾದ ಶುಕ್ರವಾರದ ಸಂತೆಯವರೆಗೆ ಕಣ್ಣು ಹೋಗುವುದು ಆ ದಪ್ಪ ಎಸಳಿನ ಕಡೆಗೇ. ಅದನ್ನೇ ನೆಡಲೂ ಆರಿಸುವುದೆಂದರೆ ಎತ್ತರ-ಬಣ್ಣ ಮಾತ್ರ ನೋಡಿ ಗಂಡು ಗೊತ್ತುಮಾಡಿದಂತೆ. ಮದುವೆಮನೆಯ ಫೋಟೋ ಚೆನ್ನಾಗಿ ಬರುತ್ತದೆ, ಸಂಸಾರದ ಮಾತು ಬೇರೆ.

ಆ ದಪ್ಪ ಎಸಳಿನ ಬೆಳ್ಳುಳ್ಳಿ ಬಹುಪಾಲು ಹಿಮಾಚಲದಂಥ ಗುಡ್ಡಗಾಡಿನದು. ಅಂಥ ತಳಿಗಳಲ್ಲಿ ಹೆಸರು ಮಾಡಿದ್ದು ಅಗ್ರಿಫೌಂಡ್ ಪಾರ್ವತಿ, ಅಂದರೆ ಜಿ-313. ಗಡ್ಡೆಗೆ 10ರಿಂದ 16 ಎಸಳು, ಒಂದೊಂದೂ ಹೆಬ್ಬೆರಳಿನಂತೆ. ಆದರೆ ಬೆಳ್ಳುಳ್ಳಿಗೆ ಗಡಿಯಾರ ನೋಡಲು ಬರುತ್ತದೆ. ಹಗಲು ಎಷ್ಟು ತಾಸಿನದು ಎಂದು ಎಣಿಸಿಕೊಂಡೇ ಅದು ಎಲೆ ಬಿಡುವುದನ್ನು ನಿಲ್ಲಿಸಿ ಗಡ್ಡೆ ಕಟ್ಟಲು ಕೂರುವುದು. ಗುಡ್ಡದ ತಳಿಗಳಿಗೆ ಮೊದಲು ಗಟ್ಟಿ ಚಳಿ ಆಗಬೇಕು, ಆಮೇಲೆ 13 ತಾಸು ದಾಟಿದ ಹಗಲು ಬೇಕು. ಶಿಮ್ಲಾದಲ್ಲಿ ಜೂನ್ ಹೊತ್ತಿಗೆ ಹಗಲು 14 ತಾಸು ಮುಟ್ಟುತ್ತದೆ. ಮುಂಬೈಯಲ್ಲಿ ಡಿಸೆಂಬರ್ ಹಗಲು ಸುಮಾರು 11 ತಾಸು, ಮಾರ್ಚ್ ಕೊನೆಗೆ 12 ಚಿಲ್ಲರೆ. 13 ದಾಟುವ ಹೊತ್ತಿಗೆ ಬೇಸಿಗೆ ಗಿಡವನ್ನು ಹುರಿದು, ಮಳೆಗಾಲ ಅದನ್ನು ಕೊಳೆಸಲು ಸಜ್ಜಾಗಿರುತ್ತದೆ. ಪಾಪದ ಗಿಡ ಡೊಂಬಿವಲಿಯ ಬಾಲ್ಕನಿಯಲ್ಲಿ ಕೂತು ಹಿಮಾಚಲದ ಬೇಸಿಗೆಗೆ ಕಾಯುತ್ತದೆ. ಕಾಯುವಾಗ ಹೊತ್ತು ಹೋಗಬೇಕಲ್ಲ, ಎಲೆ ಬಿಡುತ್ತದೆ.

ಕೊಡೈಕನಾಲ್ ಪ್ರವಾಸಕ್ಕೆ ಹೋದ ನೆಂಟರು ಪ್ರೀತಿಯಿಂದ ತಂದುಕೊಡುವ, ಜಿಐ ಟ್ಯಾಗ್ ಪಡೆದ ಬೆಟ್ಟದ ಬೆಳ್ಳುಳ್ಳಿಯೂ ಬೆಟ್ಟದ ತಂಪಿಗೆ ಒಗ್ಗಿದ್ದೇ. ಅದನ್ನು ಜಜ್ಜಿ ಸಾರಿಗೆ ಹಾಕಿ. ನೆಂಟರಿಗೂ ಸಂತೋಷ, ಬೆಳ್ಳುಳ್ಳಿಗೂ ಬಿಡುಗಡೆ.

ಹಾಗಾದರೆ ನೆಡುವುದೇನನ್ನು? ನಮ್ಮ ಗಿಡ್ಡ ಹಗಲಿಗೇ ಗಡ್ಡೆ ಕಟ್ಟುವ ಬಯಲಿನ ತಳಿಯನ್ನು. ಪುಣೆಯವರ ಭಾಗ್ಯ ದೊಡ್ಡದು. ಪುಣೆ-ನಾಸಿಕ್ ರಸ್ತೆಯ ರಾಜಗುರುನಗರದಲ್ಲಿ ಕೇಂದ್ರದ ಈರುಳ್ಳಿ-ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯವೇ ಇದೆ. ಊರಿನ ಪಕ್ಕ ಹರಿಯುವುದು ಭೀಮಾ ನದಿ, ಅಲ್ಲಿಯ ತಳಿಗಳ ಹೆಸರೂ ಭೀಮಾ. ಅದೇ ಭೀಮೆ ಮುಂದೆ ಗಾಣಗಾಪುರ ದಾಟಿ ಕೃಷ್ಣೆಯನ್ನು ಸೇರುವವಳು. ಆದ್ದರಿಂದ ಕಲಬುರಗಿ ಕಡೆಯಿಂದ ಬಂದು ಪಿಂಪ್ರಿ-ಚಿಂಚವಡದಲ್ಲಿ ನೆಲೆಸಿದವರು ಇದನ್ನು ತವರಿನ ತಳಿ ಎಂದು ಕರೆದುಕೊಂಡರೆ ಯಾರೂ ಜಗಳಕ್ಕೆ ಬರಲಾರರು. ಭೀಮಾ ಓಂಕಾರ್ ಬಿಳಿ ಸಿಪ್ಪೆಯದು, ಗಡ್ಡೆಗೆ 18ರಿಂದ 20 ಎಸಳು. ಭೀಮಾ ಪರ್ಪಲ್ ನೇರಳೆ ಛಾಯೆಯದು, 16ರಿಂದ 20 ಎಸಳು. ಎರಡೂ 120ರಿಂದ 135 ದಿನದಲ್ಲಿ ಕೈಗೆ ಬರುತ್ತವೆ. ಎರಡರಲ್ಲಿ ಒಂದನ್ನೇ ಆರಿಸಿ ಎಂದರೆ ಪರ್ಪಲ್ ಎನ್ನುತ್ತೇವೆ. ಅದಕ್ಕೆ ಶಾಸ್ತ್ರೀಯ ಕಾರಣ ಏನೂ ಇಲ್ಲ, ಬಾಲ್ಕನಿಯಲ್ಲಿ ತೂಗುಹಾಕಿದಾಗ ಚಂದ ಕಾಣುತ್ತದೆ.

ಉಳಿದವು ಮುಂಬೈಯ ಬೆಸ್ಟ್ ಕಂಪನಿಯ ಬಸ್ಸಿನ ನಂಬರಿನಂತೆ ತಲೆ ತಿರುಗಿಸುತ್ತವೆ. ಯಮುನಾ ಸಫೇದ್ ಎಂದರೆ ಜಿ-1, ಅಗ್ರಿಫೌಂಡ್ ವೈಟ್ ಎಂದರೆ ಜಿ-41, ಯಮುನಾ ಸಫೇದ್-2 ಎಂದರೆ ಜಿ-50, ಯಮುನಾ ಸಫೇದ್-3 ಎಂದರೆ ಜಿ-282. ಜಿ-1ರಲ್ಲಿ 25-30 ಎಸಳು. ಸುಲಿಯುವವರು ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಒಳ್ಳೆಯ ತಳಿ. ಜಿ-282ರಲ್ಲಿ 15-16 ಎಸಳಷ್ಟೇ, ಸ್ವಲ್ಪ ದಪ್ಪ, ಆದರೆ 140-150 ದಿನ ತೆಗೆದುಕೊಳ್ಳುತ್ತದೆ. ಮುಂಬೈಯ ಚಳಿಗಾಲ ಅಷ್ಟು ದಿನ ಇರುವ ಭರವಸೆ ಇಲ್ಲ. ರಾಹುರಿ ಕೃಷಿ ವಿದ್ಯಾಪೀಠದ ಗೋದಾವರಿ, ಶ್ವೇತಾ, ಫುಲೆ ಬಸವಂತ ಕೂಡ ಬಯಲುಸೀಮೆಯವೇ. ಮೂರನೆಯದರ ಹೆಸರು ಕೇಳಿದರೆ ಬೈಲಹೊಂಗಲದ ಸೋದರಮಾವನ ನೆನಪಾಗುತ್ತದೆ, ನಂಬಿಕೆ ತಾನಾಗಿಯೇ ಹುಟ್ಟುತ್ತದೆ.

ತಳಿಯ ಹೆಸರು ಹಿಡಿದು ಹುಡುಕುವ ವ್ಯವಧಾನ ಇಲ್ಲದವರಿಗೆ ಒಂದೇ ಪ್ರಶ್ನೆ ಸಾಕು. ತರಕಾರಿಯವನನ್ನು "ಭಾವೂ, ಲಸೂಣ ಕುಠಲಾ?" (ಅಣ್ಣಾ, ಬೆಳ್ಳುಳ್ಳಿ ಎಲ್ಲಿಯದು?) ಎಂದು ಕೇಳಿ. 'ಹಿಮಾಚಲ್' ಎಂದರೆ ಅಡುಗೆಗೆ. 'ಗಾವಠೀ' (ನಾಟಿ) ಎಂದರೆ ನೆಡಲು: ಸಣ್ಣ ಎಸಳು, ಬಿಗಿಯಾದ ಸಿಪ್ಪೆ, ಕೆಂಪು ಛಾಯೆ, ಜಜ್ಜಿದರೆ ಪಕ್ಕದ ಕೋಣೆಯವರು ಕೆಮ್ಮಬೇಕು. ನಮ್ಮ ಜವಾರಿ ಬಳ್ಳೊಳ್ಳಿಯ ದಾಯಾದಿ. 'ಎಂಪಿ' ಎಂದರೆ ಮಧ್ಯಪ್ರದೇಶದ ಮಂದಸೌರ್-ನೀಮಚ್ ಕಡೆಯದಿರಬಹುದು, ಅದೂ ಬಯಲಿನ ಬೆಳೆ, ನಡೆಯುತ್ತದೆ. 'ಏಕ್‌ದಂ ಬಢಿಯಾ' ಎಂದಷ್ಟೇ ಹೇಳಿದರೆ ಅವನಿಗೂ ಗೊತ್ತಿಲ್ಲ. ಮುಂದಿನ ಅಂಗಡಿಗೆ ನಡೆಯಿರಿ.

ಆದರೆ ತಳಿಗಿಂತ ಮೊದಲು ಇತ್ಯರ್ಥವಾಗಬೇಕಾದ್ದು ಬೇರೆ ಇದೆ. ನಿಮಗೆ ಬೇಕಾದ್ದು ಗಡ್ಡೆಯೋ ಎಲೆಯೋ? ಪುಣೆಯಲ್ಲಿ ಡಿಸೆಂಬರ್-ಜನವರಿಯ ರಾತ್ರಿ 10-12 ಡಿಗ್ರಿಗೆ ಇಳಿಯುತ್ತದೆ, ಗಡ್ಡೆಯ ಆಸೆ ಇಟ್ಟುಕೊಳ್ಳಬಹುದು. ಮುಂಬೈಯ ರಾತ್ರಿ 16-17ರ ಆಸುಪಾಸು, ಅರ್ಧ ಕುಂಡಕ್ಕೆ ಮಾತ್ರ ಆಸೆಯಿಡಿ. ಗೋವೆಯಲ್ಲಿ 20ರಲ್ಲೇ ಜನ ಸ್ವೆಟರ್ ಹಾಕಿ ಬಂಗುಡೆ ತರಲು ಹೋಗುತ್ತಾರೆ. ಅಲ್ಲಿ ಗಡ್ಡೆಯ ವಿಷಯ ಬಿಟ್ಟು ಎಲೆಗೆ ನಿಂತುಬಿಡಿ. ಎಲೆಯೇನು ಕಡಿಮೆ ದರ್ಜೆಯದಲ್ಲ. ಚಳಿಗಾಲದಲ್ಲಿ ಮುಂಬೈಯ ಗುಜರಾತಿಗಳು ಉಂಧಿಯು ಎಂಬ ತರಕಾರಿ ಪಲ್ಯಕ್ಕೆ ಹಾಕಲು ಹಸಿ ಬೆಳ್ಳುಳ್ಳಿಯನ್ನು ಕಟ್ಟು ಕಟ್ಟಾಗಿ ಒಯ್ಯುತ್ತಾರೆ. ಹಸಿಮೆಣಸಿನ ಚಟ್ನಿಗೆ, ಅಕ್ಕಿರೊಟ್ಟಿ ಹಿಟ್ಟಿಗೆ ಒಂದು ಹಿಡಿ ಹೆಚ್ಚಿ ಹಾಕಿದರೆ ಗಡ್ಡೆಯ ದುಃಖ ಮರೆಯುತ್ತದೆ. ಎಲೆಗಾದರೆ ಹಿಮಾಚಲದ ಬೆಳ್ಳುಳ್ಳಿಯೂ ನಡೆಯುತ್ತದೆ, ಸಣ್ಣ ಒಳ ಎಸಳೂ ನಡೆಯುತ್ತದೆ, ಎರಡು ಬೆರಳು ಅಂತರವೂ ಸಾಕು. ಗೇಣುದ್ದ ಬೆಳೆದ ಮೇಲೆ ಬುಡದಿಂದ ಒಂದೂವರೆ ಇಂಚು ಬಿಟ್ಟು ಕತ್ತರಿಸಿ, ಎರಡು-ಮೂರು ಕೊಯ್ಲು ಬರುತ್ತದೆ.

ಎರಡೂ ಬೇಕು ಎನ್ನುವವರಿಗಾಗಿ ಒಂದು ಮಾತು. ಒಣಗಡ್ಡೆಯ ಮೇಲಿನ ಒಂದೊಂದು ಪೊರೆಯೂ ಒಂದೊಂದು ಎಲೆಯ ಬುಡ. ಎಲೆ ಕಡಿದಷ್ಟೂ ಕೆಳಗಿನ ಗಡ್ಡೆಗೆ ಊಟ ಕಡಿಮೆ. ಗಡ್ಡೆಯ ಕುಂಡ, ಎಲೆಯ ಕುಂಡ ಬೇರೆ ಬೇರೆ ಇಡಿ, ಕತ್ತರಿಯನ್ನು ಗಡ್ಡೆಯ ಕುಂಡದ ಹತ್ತಿರ ಸುಳಿಯಗೊಡಬೇಡಿ.

ಇನ್ನು ಲೆಕ್ಕ. ಸಣ್ಣ ಸಂಸಾರಕ್ಕೆ ವಾರಕ್ಕೆ ಎರಡು ಗಡ್ಡೆ ಎಂದುಕೊಂಡರೆ ವರ್ಷಕ್ಕೆ ನೂರು. 12 ಇಂಚಿನ ಕುಂಡದಲ್ಲಿ ನಾಲ್ಕು ಇಂಚಿನ ಅಂತರಕ್ಕೆ ಏಳು ಗಿಡ. ನೂರು ಗಡ್ಡೆಗೆ ಹದಿನಾಲ್ಕು-ಹದಿನೈದು ಕುಂಡ. ಅಷ್ಟು ಕುಂಡ ಇಟ್ಟ ಮೇಲೆ ಬಟ್ಟೆ ಒಣಹಾಕಲು ಬಾಲ್ಕನಿಯಲ್ಲಿ ಜಾಗ ಇರುವುದಿಲ್ಲ. ಕುಂಡ, ಮಣ್ಣು, ಕೋಕೋಪೀಟ್, ಗೊಬ್ಬರದ ಖರ್ಚು ಕೂಡಿಸಿದರೆ ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು. ಆದ್ದರಿಂದ ನಾಲ್ಕು ಕುಂಡ, 28 ಎಸಳು. ಅಷ್ಟಕ್ಕೆ ಮೂರು ಗಡ್ಡೆ ಬೀಜ ಸಾಕು, ಏಕೆಂದರೆ ಗಡ್ಡೆಯ ಹೊರಸುತ್ತಿನ ದಪ್ಪ ಎಸಳು ಮಾತ್ರ ನೆಡಲು, ಒಳಗಿನ ಕಡ್ಡಿಯಂಥವು ಒಗ್ಗರಣೆಗೆ. ಅಡುಗೆಮನೆಯವರು ಒಪ್ಪುವುದಿಲ್ಲ, ಒಪ್ಪಿಸಬೇಕು.

ಕುಂಡ ಎಲ್ಲಿಡುವುದು? ನೆಡುವುದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದೊಳಗೆ, ಅಂದರೆ ದಕ್ಷಿಣಾಯನದಲ್ಲಿ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ವಾಸ್ತು ನೋಡಿ ಹೆಚ್ಚು ದುಡ್ಡು ಕೊಟ್ಟು ಉತ್ತರದ ಬಾಲ್ಕನಿ ಕೊಂಡವರಿಗೆ ಈ ನಾಲ್ಕು ತಿಂಗಳು ಬಿಸಿಲು ಇಲ್ಲ. ಯಾರೂ ಬೇಡವೆಂದ ದಕ್ಷಿಣದ ಬಾಲ್ಕನಿಯಲ್ಲಿ ಮಾತ್ರ ಗ್ರಿಲ್ ದಾಟಿ ಒಳಗಿನವರೆಗೂ ಬಿಸಿಲು. ಬೆಳ್ಳುಳ್ಳಿಗೆ ದಿನಕ್ಕೆ ಆರು ತಾಸು ಬಿಸಿಲು ಬೇಕು, ಅದರ ವಾಸ್ತುಶಾಸ್ತ್ರ ಅಷ್ಟೇ.

ಮುಂಬೈಯಲ್ಲಿ ಗಡ್ಡೆಯ ಹಟ ಹಿಡಿದವರು ಒಂದು ಉಪಾಯ ಮಾಡಬಹುದು. ಊರಿನಲ್ಲಿ ಇಲ್ಲದ ಚಳಿಯನ್ನು ಫ್ರಿಜ್ಜಿನಿಂದ ಸಾಲ ಪಡೆಯುವುದು. ಬಿಡಿಸದ ಇಡೀ ಗಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ ಮೂರು-ನಾಲ್ಕು ವಾರ ಕೆಳಗಿನ ತಟ್ಟೆಯಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಬೆವರಿ ಬೂಸು ಹಿಡಿಯುತ್ತದೆ. ಮರೆತು ಎರಡು-ಮೂರು ತಿಂಗಳು ಬಿಟ್ಟರೆ ಚಳಿ ಅತಿಯಾಗಿ ಗಿಡ ಪಕ್ಕದಲ್ಲೆಲ್ಲ ಕವಲೊಡೆದು ಗಡ್ಡೆ ಅಡ್ಡಾದಿಡ್ಡಿಯಾಗುತ್ತದೆ. ಹೊರತೆಗೆದ ಕೂಡಲೇ ನೆಡಬೇಕು. ಹಿಮಾಚಲದ ತಳಿಯನ್ನು ಫ್ರಿಜ್ಜಿನಲ್ಲಿಟ್ಟು ಗೆಲ್ಲುತ್ತೇವೆ ಎಂದರೆ ಆಗದು. ಚಳಿ ಸಾಲ ಸಿಗುತ್ತದೆ, ಹಗಲು ಸಾಲ ಸಿಗುವುದಿಲ್ಲ.

ನೆಡುವ ಕೆಲಸ ಹತ್ತು ನಿಮಿಷದ್ದು, ಅದರಲ್ಲೂ ಎಡವಲು ಜಾಗವಿದೆ. ಎಸಳಿನ ಸಿಪ್ಪೆ ಸುಲಿಯಬಾರದು. ಚಪ್ಪಟೆ ಬುಡ ಕೆಳಗೆ, ಚೂಪು ತುದಿ ಮೇಲೆ; ತಲೆಕೆಳಗಾದರೆ ಮೊಳಕೆ ಯು-ಟರ್ನ್ ಹೊಡೆದು ಸೊಟ್ಟ ಕತ್ತಿನ ಗಿಡವಾಗುತ್ತದೆ. ಗಟ್ಟಿ ಮಣ್ಣಿಗೆ ಬೆರಳಿನಿಂದ ಒತ್ತಿ ತುರುಕಿದರೆ ಬೇರು ಕೆಳಗೆ ಇಳಿಯಲಾರದೆ ಎಸಳನ್ನೇ ಮೇಲೆತ್ತಿ ನಿಲ್ಲಿಸುತ್ತದೆ. ಒಂದೂವರೆ ಇಂಚು ಆಳಕ್ಕೆ ಗುಳಿ ಮಾಡಿ ಕೂರಿಸಿ. ಮಣ್ಣು ಎರಡು ಪಾಲು, ಗೊಬ್ಬರ ಒಂದು, ಮರಳು ಒಂದು. ಮೊದಲ ವಾರ ಮೇಲೊಂದು ಬಲೆ ಮುಚ್ಚಿ, ಏಕೆಂದರೆ ಮುಂಬೈಯ ಪಾರಿವಾಳಗಳಿಗೆ ಮಣ್ಣಿನಿಂದ ತಲೆಯೆತ್ತಿದ ಯಾವುದನ್ನಾದರೂ ಎಳೆದು ನೋಡುವ ಚಟ. ತಿನ್ನುವುದಿಲ್ಲ, ಎಳೆದು ಪಕ್ಕಕ್ಕಿಟ್ಟು ಹೋಗುತ್ತವೆ.

ಆಮೇಲಿನ ದೊಡ್ಡ ಶತ್ರು ಪ್ರೀತಿ. ಮನೆಯಲ್ಲಿ ನಾಲ್ವರಿದ್ದರೆ ನಾಲ್ವರೂ ನೀರು ಹಾಕುತ್ತಾರೆ, ಬುಡ ಕೊಳೆಯುತ್ತದೆ. ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲಷ್ಟೇ ನೀರು. ಗೊಬ್ಬರ ನೆಟ್ಟ ನಲವತ್ತು ದಿನಕ್ಕೆ ಸಾಕು. ಅದಾದ ಮೇಲೂ ಯೂರಿಯಾ ಸುರಿದರೆ ಗಡ್ಡೆ ಕಟ್ಟುವ ಹೊತ್ತಿಗೆ ಎಸಳುಗಳೇ ಮೊಳೆತು ಪಕ್ಕದಿಂದ ಎಲೆ ಹೊರಡುತ್ತದೆ. ಗಡ್ಡೆ ಒತ್ತಿದರೆ ರಬ್ಬರು. ಎಲೆಯ ಮೇಲೆ ಬೆಳ್ಳಿಗೆರೆ ಕಂಡರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ರಭಸದ ನೀರು, ಬೇವಿನೆಣ್ಣೆ ಸಾಕು.

ಇಷ್ಟೆಲ್ಲ ಮಾಡಿಯೂ ಕೆಲವು ಕಡೆ ಎಸಳಾಗಿ ಒಡೆಯದ ದುಂಡನೆಯ ಒಂಟಿ ಉಂಡೆ ಬರುತ್ತದೆ. ನೆಟ್ಟ ಎಸಳು ತೀರಾ ಸಣ್ಣದಿತ್ತು, ತಡವಾಗಿ ನೆಟ್ಟಿರಿ, ಇಲ್ಲವೇ ಚಳಿ ಸಾಲದಾಯಿತು ಎಂದರ್ಥ. ದುಃಖಪಡಬೇಡಿ. ಅಂಥ ಒಂಟಿ ಎಸಳಿನ ಬೆಳ್ಳುಳ್ಳಿಯನ್ನೇ ಅಂಗಡಿಯಲ್ಲಿ ಚಂದದ ಡಬ್ಬಿಗೆ ಹಾಕಿ ಔಷಧಿಯ ದರಕ್ಕೆ ಮಾರುತ್ತಾರೆ. ನೆಂಟರ ಮುಂದೆ ಬೇಕೆಂದೇ ಬೆಳೆದದ್ದು ಎನ್ನಿ. ಮುಂದಿನ ವರ್ಷ ಅದನ್ನೇ ನೆಟ್ಟರೆ ಎಸಳೊಡೆದ ಗಡ್ಡೆಯೂ ಬಂದೀತು.

ಕೆಳಗಿನ ಎಲೆಗಳು ಹಳದಿಯಾಗಿ ಒಣಗತೊಡಗಿದಾಗ ನೀರು ನಿಲ್ಲಿಸಿ, ಎರಡು ವಾರ ಬಿಟ್ಟು ಕೀಳಬೇಕು. ತೊಳೆಯಬಾರದು. ಎಲೆಸಮೇತ ನೆರಳಿನಲ್ಲಿ ಹತ್ತು ದಿನ ಒಣಗಿಸಿ, ಜಡೆ ಹೆಣೆದು ಗಾಳಿಯಾಡುವ ಕಡೆ ತೂಗುಹಾಕಿ. ಪಕ್ಕದ ಫ್ಲ್ಯಾಟಿನ ಬೆಳ್ಳುಳ್ಳಿ ತಿನ್ನದ ಮನೆಯವರು ಆತಂಕಪಟ್ಟರೆ ಸಮಾಧಾನ ಹೇಳಬಹುದು. ಎಸಳು ಜಜ್ಜಿದಾಗಷ್ಟೇ ಒಳಗೆ ಬೇರೆ ಬೇರೆ ಇದ್ದ ಅಲ್ಲಿಯಿನ್ ಎಂಬ ರಾಸಾಯನಿಕ ಮತ್ತು ಅಲ್ಲಿನೇಸ್ ಎಂಬ ಕಿಣ್ವ ಒಂದಾಗಿ ಆ ಘಾಟು ಹುಟ್ಟುವುದು, ಇಡೀ ಗಡ್ಡೆ ಸುಮ್ಮನೆ ನೇತಾಡುತ್ತಿರುತ್ತದೆ.

ಮೂರು ದಪ್ಪ ಗಡ್ಡೆಗಳನ್ನು ಬೀಜಕ್ಕೆಂದು ತೆಗೆದಿಡಬೇಕು, ಕಷ್ಟದ ಭಾಗ ಇದೇ. ಮಾರ್ಚಿನಿಂದ ಅಕ್ಟೋಬರ್ ಎಂದರೆ ಏಳು ತಿಂಗಳು. ನಡುವೆ ಮುಂಬೈಯ ಮಳೆಗಾಲದ ತೇವ, ಬೆಳ್ಳುಳ್ಳಿ ಕಿಲೋಗೆ ನಾನೂರು ಮುಟ್ಟಿದ ಒಂದೆರಡು ವಾರ, ಹೇಳದೆ ಬಂದ ಆರು ಜನ ಅತಿಥಿಗಳು. 'ಬೀಜಕ್ಕೆ, ಮುಟ್ಟಬೇಡಿ' ಎಂದು ದಪ್ಪಕ್ಷರದ ಚೀಟಿ ಕಟ್ಟಿ. ಚೀಟಿ ಕನ್ನಡದಲ್ಲಿದ್ದರೆ ಸಾಲದು, ಅಡುಗೆಗೆ ಬರುವ ಮಾವಶಿಗೆ ಓದಲು ಬರುವುದು ಮರಾಠಿ.