ತಲಪಾಡಿಯಲ್ಲಿ ಪೆಟ್ರೋಲ್, ಮಂಜೇಶ್ವರದಲ್ಲಿ ಪಿಂಚಣಿ

ನಮ್ಮ ಕಡೆಯವರು ಕಾರಿಗಾಗಲಿ ಬೈಕಿಗಾಗಲಿ ಪೆಟ್ರೋಲ್ ಹಾಕಿಸಲು ತಲಪಾಡಿ ದಾಟುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳದವರಿಗೆ ಇದು ಮಂಗಳೂರಿಗೆ ಹೋದಷ್ಟೇ ಮಾಮೂಲು. ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಲೀಟರಿಗೆ ಕಡಿಮೆ ಬೀಳುತ್ತದೆ, ಅಷ್ಟೇ ಲೆಕ್ಕ. ನಾನೂ ಹಾಗೇ ಮಾಡುತ್ತೇನೆ.

ಆದರೆ ಒಂದು ದಿನ ಪಂಪಿನ ಸಾಲಿನಲ್ಲಿ ನಿಂತಾಗ ಒಂದು ತಮಾಷೆ ಹೊಳೆಯಿತು. 2023ರ ಏಪ್ರಿಲ್‌ನಿಂದ ಕೇರಳದಲ್ಲಿ ಪೆಟ್ರೋಲ್, ಡೀಸೆಲ್‌ಗೆ ಲೀಟರಿಗೆ 2 ರೂಪಾಯಿ ಸೆಸ್ ಇದೆ. ಅದು ಸಾಮಾಜಿಕ ಪಿಂಚಣಿಗೆಂದು ಹಾಕಿದ್ದು. ನನ್ನ ಅಮ್ಮ ಆ ಪಿಂಚಣಿ ಪಡೆಯುತ್ತಾರೆ. ನಾನು ಗಡಿಯಾಚೆ ಹಾಕಿಸಿದರೆ ಆ 2 ರೂಪಾಯಿ ತಪ್ಪಿತು. ಬದಲಿಗೆ ಕರ್ನಾಟಕಕ್ಕೆ ಮಾರಾಟ ತೆರಿಗೆ ಕಟ್ಟಿದೆ. ಅಂದರೆ ಅಮ್ಮನ ಪಿಂಚಣಿಯಿಂದ ಕಳೆದು, ವಿಟ್ಲದಲ್ಲಿರುವ ಅಕ್ಕನ ಗೃಹಲಕ್ಷ್ಮಿಗೆ ಕೂಡಿಸಿದ ಹಾಗಾಯಿತು! ಅಕ್ಕನಿಗೆ ಹೇಳಿದರೆ, "ಹಾಗಾದ್ರೆ ಫುಲ್ ಟ್ಯಾಂಕ್ ಹಾಕ್ಸು ಮಾರಾಯ" ಅಂದಳು.

ಈಗ ಇಬ್ಬರಿಗೂ ತಿಂಗಳಿಗೆ ಸಮಾನ ಮೊತ್ತ. ಕೇರಳದ ಪಿಂಚಣಿ ಬಹಳ ಕಾಲ 1,600 ಇದ್ದದ್ದು 2025ರ ನವೆಂಬರಿನಿಂದ 2,000 ಆಯಿತು. ಗೃಹಲಕ್ಷ್ಮಿಯೂ 2,000. ಮೊತ್ತ ಒಂದೇ, ದಾರಿ ಬೇರೆ. ಅಕ್ಕನದು ಸೀದಾ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಮ್ಮನದನ್ನು ಸಹಕಾರಿ ಬ್ಯಾಂಕಿನವರು ಮನೆಗೇ ತಂದುಕೊಡುತ್ತಾರೆ, ಅರ್ಧ ಗಂಟೆ ಊರ ಸುದ್ದಿ ಮಾತಾಡಿ ಹೋಗುತ್ತಾರೆ. ಅಮ್ಮನಿಗೆ ಹಣಕ್ಕಿಂತ ಅದೇ ಇಷ್ಟವೋ ಏನೋ. ಇನ್ನು ಶಕ್ತಿ ಬಸ್ಸಿನ ಮಾತು ಬಿಡಿ. ಪುತ್ತೂರಿನ ಬಸ್ಸಿನಲ್ಲಿ ಅಕ್ಕನಿಗೆ ಟಿಕೆಟ್ ಫ್ರೀ, ಪಕ್ಕದಲ್ಲೇ ಕೂತ ನನ್ನ ಹೆಂಡತಿಗೆ ದುಡ್ಡು. ಆಧಾರ್ ಕಾರ್ಡಿನಲ್ಲಿ ಕಾಸರಗೋಡು ಎಂದಿದೆಯಲ್ಲ.

ನನ್ನನ್ನು ಹೊರನಾಡ ಕನ್ನಡಿಗ ಎನ್ನುತ್ತಾರೆ. ನಮ್ಮ ಮನೆಯವರು ಎಲ್ಲಿಗೂ ಹೋಗಿಲ್ಲ. 1956ರ ನವೆಂಬರ್ 1ರಂದು ರಾಜ್ಯವೇ ಬೇರೆಯಾಯಿತು. ಹಾಗಾಗಿ ಎರಡೂ ಕಡೆಯ ಬಜೆಟ್ ನೋಡುವ ಚಟ ನಮಗೆ ಸುಮ್ನೆ ಬಂದದ್ದಲ್ಲ.

ಬಜೆಟ್ ದಿನ ಟಿವಿಯಲ್ಲಿ ಬರುವ ಮೊತ್ತ ನೋಡಿ ಅಳೆಯಬಾರದು. 2025-26ರಲ್ಲಿ ಕರ್ನಾಟಕದ್ದು 4,09,549 ಕೋಟಿಯ ಬಜೆಟ್. ಗ್ಯಾರಂಟಿಗಳಿಗೆ 51,034 ಕೋಟಿ, ಅದರಲ್ಲಿ ಗೃಹಲಕ್ಷ್ಮಿಯೊಂದಕ್ಕೇ 28,608 ಕೋಟಿ. ಇದನ್ನು ನೋಡಿ "ಕರ್ನಾಟಕ ದಿವಾಳಿಯಾಯ್ತು" ಎನ್ನುವವರು ನಮ್ಮ ಜಂಕ್ಷನ್ನಿನ ಚಾ ಅಂಗಡಿಯಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ದಿನನಿತ್ಯದ ಖರ್ಚಿಗೆ, ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಕ್ಕೆ, ಆದಾಯ ಎಷ್ಟು ಕಡಿಮೆ ಬೀಳುತ್ತದೆ ಎಂದು ನೋಡಬೇಕು. ಆ ವರ್ಷದ ಅಂದಾಜಿನಲ್ಲಿ ಕರ್ನಾಟಕಕ್ಕೆ 19,262 ಕೋಟಿ ಕಡಿಮೆ ಬಿದ್ದಿತ್ತು. ಕೇರಳಕ್ಕೆ 27,125 ಕೋಟಿ. ಕೇರಳದ ದಿನನಿತ್ಯದ ಖರ್ಚೇ 1,79,476 ಕೋಟಿ. ಅಂದರೆ ರೂಪಾಯಿಗೆ ಸುಮಾರು 15 ಪೈಸೆ ಸಾಲ ತಂದು ಮನೆ ನಡೆಸಿದ ಹಾಗೆ. ಕರ್ನಾಟಕದಲ್ಲಿ ಅದು 6 ಪೈಸೆ. ಹಿಂದೆ ವರ್ಷಗಟ್ಟಲೆ ಇದೇ ಲೆಕ್ಕದಲ್ಲಿ ಉಳಿಸುತ್ತಿದ್ದ ರಾಜ್ಯಕ್ಕೆ 6 ಪೈಸೆಯೂ ಜಾಸ್ತಿಯೇ, ಅದು ಬೇರೆ ಮಾತು.

ಕೇರಳ ಇದಕ್ಕೆ ಕೇಂದ್ರವನ್ನು ದೂರುತ್ತದೆ. ಪೂರ್ತಿ ಸುಳ್ಳಲ್ಲ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಅದರ ಪಾಲು 10ನೇ ಹಣಕಾಸು ಆಯೋಗದ ಕಾಲಕ್ಕೆ ಶೇ 3.875 ಇದ್ದದ್ದು 15ನೆಯದಕ್ಕೆ ಬರುವಾಗ ಶೇ 1.925 ಆಗಿತ್ತು. ಕರ್ನಾಟಕವೂ 14ರಿಂದ 15ನೇ ಆಯೋಗಕ್ಕೆ ಶೇ 4.713ರಿಂದ 3.647ಕ್ಕೆ ಇಳಿಯಿತು. ಆದರೆ ನಮ್ಮ ಜಿಲ್ಲೆಯ ನಂದಾರಪದವಿನಿಂದ ತಿರುವನಂತಪುರ ಜಿಲ್ಲೆಯ ಪಾರಶಾಲೆಗೆ ಹೋಗುವ ಗುಡ್ಡಗಾಡು ಹೆದ್ದಾರಿಯನ್ನು ನೋಡಿ. ನಮ್ಮ ಕಡೆ ಇಷ್ಟು ಒಳ್ಳೆಯ ರಸ್ತೆ ಕಡಿಮೆ. ಅದರ ಹಣ ಬಜೆಟಿನ ಒಳಗಿನದ್ದಲ್ಲ, ಸಾಲ ಎತ್ತಿ ಕಾಮಗಾರಿಗೆ ಕೊಡುವ ಕೇರಳ ಸರ್ಕಾರದ ಸಂಸ್ಥೆ ಕಿಫ್ಬಿಯದ್ದು. ಈ ಕಿಫ್ಬಿ 2019ರಲ್ಲಿ ಮಸಾಲಾ ಬಾಂಡ್, ಅಂದರೆ ವಿದೇಶದಲ್ಲಿ ಮಾರುವ ರೂಪಾಯಿ ಲೆಕ್ಕದ ಸಾಲಪತ್ರ, ಹೊರಡಿಸಿ 2,150 ಕೋಟಿ ಎತ್ತಿತು, ಬಡ್ಡಿ ಶೇ 9.723. ಇದೂ ರಾಜ್ಯದ ಸಾಲವೇ ಎಂದು ಕೇಂದ್ರ ಲೆಕ್ಕಕ್ಕೆ ಹಿಡಿಯಿತು, ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಮನೆಯ ಯಜಮಾನ ಹೆಂಡತಿಯ ಹೆಸರಲ್ಲಿ ಸಾಲ ಮಾಡಿ ನನಗೆ ಸಾಲವೇ ಇಲ್ಲ ಎಂದರೆ ಬ್ಯಾಂಕಿನವರು ಕೇಳುತ್ತಾರೆಯೇ?

ಇಷ್ಟೆಲ್ಲ ಬೈದರೂ ಕೇರಳದ ಬಜೆಟಿನ ಒಂದು ಪುಸ್ತಕ ನನಗೆ ಬಹಳ ಇಷ್ಟ. ಅನುಬಂಧ 4. ಯಾವ ಪಂಚಾಯತಿಗೆ ಎಷ್ಟು ಎಂದು ಅದರಲ್ಲಿ ಹೆಸರು ಹೆಸರಾಗಿ ಬರೆದಿರುತ್ತದೆ. ರಸ್ತೆ ರಿಪೇರಿಗೆ ಬೇರೆ, ಕಟ್ಟಡಗಳಂಥ ಉಳಿದದ್ದಕ್ಕೆ ಬೇರೆ, ಯೋಜನೆಗೆ ಬೇರೆ. ಭಾಷಣ ಮಲಯಾಳ, ಇಂಗ್ಲಿಷಿನಲ್ಲಿ ಇರಲಿ, ಅಂಕೆಗೆ ಭಾಷೆ ಬೇಡ. ಕಾಸರಗೋಡು ಜಿಲ್ಲೆಯ 38 ಪಂಚಾಯತಿಗಳೂ ಅಲ್ಲಿವೆ. ಹಳ್ಳಿಯವರೇ ಯೋಜನೆ ಮಾಡುವ 1996ರ ಜನಕೀಯಾಸೂತ್ರಣದಿಂದ ಬಂದ ಪದ್ಧತಿ ಇದು. ತಿರುವನಂತಪುರದಲ್ಲಿ ಯಾರೂ ನಮ್ಮ ಹೆಸರು ಎತ್ತದಿದ್ದರೂ ಆ ಸಾಲು ಅಳಿಸಲು ಆಗುವುದಿಲ್ಲ.

ಕೈಗೆ ಸಿಗುವುದು ಮಾತ್ರ ಬೇರೆ ಕತೆ. ಮಾರ್ಚ್ ಬಂತೆಂದರೆ ಬಿಲ್ಲುಗಳು ಟ್ರೆಷರಿಯಲ್ಲಿ ಕ್ಯೂ ನಿಲ್ಲುತ್ತವೆ. ಈ ವರ್ಷ ಪಾವತಿಯಾಗದ್ದು ಬರುವ ವರ್ಷದ ಪಾಲನ್ನು ತಿನ್ನುತ್ತದೆ. ನಮ್ಮ ಮನೆಯ ಮುಂದಿನ ರಸ್ತೆ ಹಾಗೆ ಎರಡು ಮಳೆಗಾಲ ಜಲ್ಲಿಯಲ್ಲೇ ಕಳೆಯಿತು. ಪಿಂಚಣಿಯೂ 2024ರಲ್ಲಿ ತಿಂಗಳುಗಟ್ಟಲೆ ಬಾಕಿ ಬಿದ್ದಿತ್ತು.

ಬೇಸರವೆಂದರೆ, ಹಳ್ಳಿಗೆ ಅಧಿಕಾರ ಕೊಡುವ ಈ ಪಾಠ ಕರ್ನಾಟಕದ್ದೇ. 1980ರ ದಶಕದಲ್ಲಿ ಅಲ್ಲಿನ ಸಚಿವರಾಗಿದ್ದ ನಜೀರ್ ಸಾಬರು ಅದನ್ನು ಮಾಡಿದ್ದನ್ನು, 1987ರ ಜಿಲ್ಲಾ ಪರಿಷತ್ ಚುನಾವಣೆಯನ್ನು ಇಡೀ ದೇಶ ನೋಡಿತು. ಈಗ ಅಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಅಧಿಕಾರಿಗಳೇ ನೋಡಿಕೊಂಡರು. ಅಕ್ಕನ ಖಾತೆಗೆ 2,000 ಹೋಗುವುದು ಒಳ್ಳೆಯದೇ, ಅದರಲ್ಲಿ ಅವಳ ಮಗಳ ಕಾಲೇಜು ಬಸ್ ಫೀಸು ಹೋಗುತ್ತದೆ. ಆದರೆ ಅವಳ ಮನೆ ಹತ್ತಿರದ ಕಾಲುಸಂಕಕ್ಕೆ ಎಷ್ಟು ಇಟ್ಟಿದ್ದಾರೆ, ಯಾರಲ್ಲಿ ಕೇಳುವುದು?

ಮೊನ್ನೆ ನಮ್ಮ ಪಂಚಾಯತಿಯ ಆ ಪುಟವನ್ನು ಜೆರಾಕ್ಸ್ ಮಾಡಿಸಿದೆ, ಗ್ರಾಮಸಭೆಗೆ ಒಯ್ಯಲು. ಬಾವನಿಗೂ ಫೋಟೊ ತೆಗೆದು ಕಳಿಸಿದೆ. "ನಿಮ್ಮಲ್ಲಿ ದುಡ್ಡು ಬರುವುದಿಲ್ಲ, ಆದರೆ ಎಷ್ಟು ಬರಲಿಲ್ಲ ಅಂತ ಗೊತ್ತಾಗ್ತದೆ, ಅಲ್ವಾ?" ಎಂದು ಫೋನ್ ಮಾಡಿ ನಕ್ಕರು. ನಾಳೆ ಅವರ ಮನೆಗೆ ಹೋಗುವುದಿದೆ. ಪೆಟ್ರೋಲ್ ತಲಪಾಡಿಯಲ್ಲಿ ಹಾಕಿಸಬೇಕೋ ಉಪ್ಪಳದಲ್ಲೋ, ಇನ್ನೂ ತೀರ್ಮಾನ ಮಾಡಿಲ್ಲ.