ಹದಿನೈದು ಗೆರೆಯ ಅಪರಾಧ

ನಮ್ಮ ಅಡುಗೆಮನೆಯಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿಯೊಂದಿದೆ. ಅದರೊಳಗೆ ಹತ್ತು ರೂಪಾಯಿಯ 43 ನಾಣ್ಯಗಳಿವೆ. ಭಾರತ ಸರ್ಕಾರದ ಲೆಕ್ಕದಲ್ಲಿ ನಾನು ನಾನೂರ ಮೂವತ್ತು ರೂಪಾಯಿಯ ಆಸಾಮಿ. ನಮ್ಮ ಬೀದಿಯ ಕಿರಾಣಿ ಅಂಗಡಿ ಶೆಟ್ಟರ ಲೆಕ್ಕದಲ್ಲಿ ನನ್ನ ಹತ್ತಿರ ಇರುವುದು ಒಂದು ಬಾಟಲಿ.

ಮೊನ್ನೆ ಊದುಬತ್ತಿ ತರಲು ಹೊರಟವನು ಗಟ್ಟಿ ಮನಸ್ಸು ಮಾಡಿ ಆ ಬಾಟಲಿಯನ್ನೇ ಕೈಚೀಲದಲ್ಲಿಟ್ಟುಕೊಂಡು ಹೋದೆ. ಒಂದು ನಾಣ್ಯ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ಶೆಟ್ಟರು ಕನ್ನಡಕ ಏರಿಸಿ, ನಾಣ್ಯವನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತಾ ಏನನ್ನೋ ಎಣಿಸಿದರು. ಮುಹೂರ್ತ ಹುಡುಕುವ ಜೋಯಿಸರೂ ಅಷ್ಟು ಶ್ರದ್ಧೆಯಿಂದ ಎಣಿಸುವುದಿಲ್ಲ.

“ಹದಿನೈದು ಗೆರೆ ಇದೆ ಸಾರ್. ನಡೆಯುವುದಿಲ್ಲ.”

“ಎಷ್ಟಿರಬೇಕು ಶೆಟ್ಟರೇ?”

“ಹತ್ತು. ಹತ್ತಿದ್ದರೆ ಅಸಲಿ.”

ಬಾಟಲಿ ಕುಲುಕಿ ಹತ್ತು ಗೆರೆಯದನ್ನೇ ಹುಡುಕಿ ಕೊಟ್ಟೆ. ಅದನ್ನೂ ಎಣಿಸಿದರು. ಸರಿಯಾಗಿ ಹತ್ತಿತ್ತು.

“ಇದು ಅಸಲಿ” ಎಂದು ಹಿಂದಕ್ಕೆ ಕೊಟ್ಟರು. “ಆದರೆ ಇದೂ ನಡೆಯುವುದಿಲ್ಲ.”

“ಅಸಲಿ ಎಂದಿರಲ್ಲ?”

“ನಾನು ತೆಗೆದುಕೊಂಡರೆ ಆಯಿತೇ ಸಾರ್? ನನ್ನಿಂದ ಮುಂದಿನವರು ತೆಗೆದುಕೊಳ್ಳಬೇಕಲ್ಲ?”

ಹಣ ಎಂದರೇನು ಎಂಬುದಕ್ಕೆ ಇದಕ್ಕಿಂತ ಚಿಕ್ಕ ವ್ಯಾಖ್ಯಾನವನ್ನು ನಾನು ಕೇಳಿಲ್ಲ. ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಇದಕ್ಕೊಂದು ಸೆಮಿಸ್ಟರ್ ಹಿಡಿಯುತ್ತದೆ. ಶೆಟ್ಟರು ಊದುಬತ್ತಿಯ ಪೊಟ್ಟಣವನ್ನು ವಾಪಸು ಕಪಾಟಿಗೆ ಸೇರಿಸುವಷ್ಟರಲ್ಲಿ ಮುಗಿಸಿದರು.

ಗೆರೆಗಳ ಸಂಗತಿ ಇಷ್ಟು. ಎರಡು ಲೋಹಗಳ ಈ ನಾಣ್ಯ ಜನರ ಕೈಗೆ ಬಂದದ್ದು 2009ರಲ್ಲಿ. ಆಗಿನ ಒಂದು ಬಗೆಯ ಮೇಲೆ ಹದಿನೈದು ಗೆರೆಗಳಿದ್ದವು. 2010ರಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂತು. 2011ರಿಂದ ಆ ಚಿಹ್ನೆ ಹೊತ್ತ ಹತ್ತು ಗೆರೆಯ ನಾಣ್ಯ ಬಂತು. ಅಣ್ಣ ತಮ್ಮ ಇಬ್ಬರೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಎದುರಾದಾಗ ಜನ ತೀರ್ಮಾನಿಸಿದರು: ಇಬ್ಬರಲ್ಲಿ ಒಬ್ಬ ಕಳ್ಳ. ದೆಹಲಿಯಲ್ಲಿ ನಿಜವಾಗಿಯೂ ನಕಲಿ ನಾಣ್ಯದ ಕಾರ್ಖಾನೆ ಸಿಕ್ಕಿಬಿದ್ದ ಸುದ್ದಿ ಬಂದ ಮೇಲಂತೂ ವಾಟ್ಸ್ಆ್ಯಪ್ ನ್ಯಾಯಾಲಯದಲ್ಲಿ ಹದಿನೈದು ಗೆರೆಯವನಿಗೆ ಮೇಲ್ಮನವಿಯ ಅವಕಾಶವೂ ಉಳಿಯಲಿಲ್ಲ. ನನಗೆ ಅರ್ಥವಾಗದ್ದು ಇದು: ಸೊಪ್ಪಿನಮ್ಮನ ಹತ್ತಿರ ಎರಡು ಎಸಳು ಕರಿಬೇವು ಕೊಸರು ಕೇಳದೆ ಕಟ್ಟು ಮುಟ್ಟದ ಜನ ನಾವು. ಅದೇ ಹತ್ತು ರೂಪಾಯಿಗೆ ಐದು ಗೆರೆ ಕೊಸರು ಸಿಕ್ಕರೆ ಬೇಡ ಎನ್ನುವುದೇ?

ರಿಸರ್ವ್ ಬ್ಯಾಂಕ್ ಕೈಕಟ್ಟಿ ಕುಳಿತಿರಲಿಲ್ಲ. 2018ರ ಜನವರಿ 17ರಂದು ಪ್ರಕಟಣೆ ಹೊರಡಿಸಿತು: ಹತ್ತು ರೂಪಾಯಿಯ ನಾಣ್ಯವನ್ನು ಈವರೆಗೆ ಹದಿನಾಲ್ಕು ವಿನ್ಯಾಸಗಳಲ್ಲಿ ಬಿಡುಗಡೆ ಮಾಡಲಾಗಿದೆ, ಎಲ್ಲವೂ ಮಾನ್ಯ, ನಿರ್ಭಯವಾಗಿ ಸ್ವೀಕರಿಸಿ. ಇದನ್ನು ಶೆಟ್ಟರಿಗೆ ಮೊಬೈಲಿನಲ್ಲಿ ತೋರಿಸಿದೆ. “ಹದಿನಾಲ್ಕು ಥರವೇ!” ಎಂದು ಗಾಬರಿಯಾದರು. ಅಲ್ಲಿಯವರೆಗೆ ಅವರಿಗೆ ಅನುಮಾನವಿದ್ದದ್ದು ಎರಡರ ಮೇಲೆ ಮಾತ್ರ.

ಅದೇ ಜನವರಿಯ 5ನೇ ತಾರೀಖು ರಿಸರ್ವ್ ಬ್ಯಾಂಕ್ ಇನ್ನೊಂದು ಪ್ರಕಟಣೆ ಕೊಟ್ಟಿತ್ತು. ಹತ್ತು ರೂಪಾಯಿಯ ಹೊಚ್ಚ ಹೊಸ ನೋಟು, ಚಾಕೊಲೇಟ್ ಕಂದು ಬಣ್ಣ, ಹಿಂಬದಿಯಲ್ಲಿ ಕೋಣಾರ್ಕದ ಸೂರ್ಯ ದೇವಾಲಯ. ತಿಂಗಳ ಮೊದಲ ವಾರ ಗರಿಗರಿ ನೋಟು ಕೈಗಿಟ್ಟು, ಮೂರನೆಯ ವಾರ ನಾಣ್ಯ ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಕೇಳುವುದು ಹೇಗಿದೆ ಎಂದರೆ, ಮೆತ್ತನೆಯ ಹಳೆಯ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಕಚ್ಚುವ ಹೊಸ ಚಪ್ಪಲಿಯನ್ನು ಯಾಕೆ ಮೆಟ್ಟುವುದಿಲ್ಲ ಎಂದು ಮಗನನ್ನು ಗದರಿಸಿದ ಹಾಗಿದೆ. ಬ್ರಿಟನ್ನಿನವರು 1983ರಲ್ಲಿ ಒಂದು ಪೌಂಡಿನ ನಾಣ್ಯ ತಂದರು, 1988ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಿನ ಒಂದು ಪೌಂಡ್ ನೋಟಿಗೆ ಎಳ್ಳುನೀರು ಬಿಟ್ಟರು, ನಾಣ್ಯ ಓಡಿತು. ಕೆನಡಾದವರೂ ಒಂದು ಡಾಲರ್ ನೋಟು ಹೊರತರುವುದನ್ನು 1989ರಲ್ಲಿ ನಿಲ್ಲಿಸಿದರು. ಅಮೆರಿಕದವರು ಮಾತ್ರ ನಮ್ಮ ಹಾಗೆ ಉದಾರಿಗಳು, ನೋಟೂ ಇರಲಿ ನಾಣ್ಯವೂ ಇರಲಿ ಎಂದರು. ಡಾಲರ್ ನಾಣ್ಯಗಳು ಉಗ್ರಾಣದಲ್ಲಿ ರಾಶಿ ಬಿದ್ದು, ಚಲಾವಣೆಗೆಂದು ಅಚ್ಚು ಹಾಕುವುದನ್ನೇ 2011ರ ಕೊನೆಯಲ್ಲಿ ಕೈಬಿಡಬೇಕಾಯಿತು. ಇದನ್ನೆಲ್ಲ ನೋಡಿ ನಮ್ಮವರು ಪಾಠ ಕಲಿತರು. 2019ರಲ್ಲಿ ಇಪ್ಪತ್ತು ರೂಪಾಯಿಯ ನಾಣ್ಯ ಘೋಷಿಸಿದರು. ಅದೇ ವರ್ಷ ಎಲ್ಲೋರದ ಚಿತ್ರವಿರುವ ಇಪ್ಪತ್ತರ ಹೊಸ ನೋಟನ್ನೂ ಘೋಷಿಸಿದರು. ಆ ನಾಣ್ಯ ದುಂಡಗಿಲ್ಲ, ಹನ್ನೆರಡು ಮೂಲೆಗಳಿವೆ. ಗೆರೆ ಎಣಿಸಿ ಕಣ್ಣು ಮಂಜಾದ ಶೆಟ್ಟರಿಗೆ ಇನ್ನು ಮೂಲೆ ಎಣಿಸುವ ಕೆಲಸ.

ವಿನ್ಯಾಸ ಬದಲಿಸುವ ಖಯಾಲಿ ನಮಗೆ ಹೊಸದಲ್ಲ. ಕಳೆದ ದಶಕದ ಹಿಂದಿನ ದಶಕದಲ್ಲಿ ಒಂದು, ಎರಡು ರೂಪಾಯಿಯ ನಾಣ್ಯಗಳ ಮೇಲೆ ಎರಡು ಗೆರೆ ಅಡ್ಡಹಾಯುವ ಚಿತ್ರ ಬಂತು. ಅದು ವಿವಿಧತೆಯಲ್ಲಿ ಏಕತೆಯಂತೆ. ಶಿಲುಬೆಯಂತೆ ಕಾಣುತ್ತದೆ ಎಂದು ಕೆಲವರು ಗಲಾಟೆ ಎಬ್ಬಿಸಿದರು. ಮುಂದೆ ಹಸ್ತಮುದ್ರೆಗಳ ಸರಣಿ ಬಂತು: ಹೆಬ್ಬೆರಳು ಎತ್ತಿದರೆ ಒಂದು, ಎರಡು ಬೆರಳು ಎತ್ತಿದರೆ ಎರಡು, ಮುಷ್ಟಿ ಕಟ್ಟಿದರೆ ಐವತ್ತು ಪೈಸೆ. ಶಾಲೆಯಲ್ಲಿ ಮೇಷ್ಟರಿಗೆ ಎರಡು ಬೆರಳು ತೋರಿಸಿ ಹೊರಗೆ ಓಡಿದ ನಮ್ಮ ತಲೆಮಾರಿಗೆ ಆ ಎರಡು ರೂಪಾಯಿಯ ನಾಣ್ಯ ಬೇರೆಯದೇ ಅವಸರವನ್ನು ನೆನಪಿಸುತ್ತದೆ. ಸಂಜೆಗತ್ತಲ ಬಸ್ಸಿನಲ್ಲಿ ಒಂದಕ್ಕೂ ಎರಡಕ್ಕೂ ವ್ಯತ್ಯಾಸ ತಿಳಿಯದೆ ಕಂಡಕ್ಟರು ಮತ್ತು ಪ್ರಯಾಣಿಕರು ಪರಸ್ಪರ ಬೆರಳು ತೋರಿಸಿಕೊಂಡು ಜಗಳವಾಡಿದ್ದೇ ಆ ಸರಣಿಯ ಸಾಧನೆ. ನಾಲ್ಕಾಣೆ 2011ರ ಜೂನ್ 30ಕ್ಕೆ ತೀರಿಕೊಂಡಿತು. ನಾಲ್ಕಾಣೆ ಬುದ್ಧಿಯವರು ಉಳಿದರು. ಎಂಟಾಣೆ ಕಾನೂನಿನ ಪ್ರಕಾರ ಇಂದಿಗೂ ಜೀವಂತ.

ಕಾನೂನು ಎಂದಾಗ ನೆನಪಾಯಿತು. ನಾಣ್ಯಗಳಿಗೆಂದೇ 2011ರಲ್ಲಿ ಕಾಯ್ದೆಯೊಂದಾಗಿದೆ. ಅದರ ವ್ಯಾಖ್ಯಾನದಲ್ಲಿ ನಾಣ್ಯ ಎಂದರೆ ಲೋಹದ್ದು ಮಾತ್ರವಲ್ಲ, ಒಂದು ರೂಪಾಯಿಯ ನೋಟೂ ನಾಣ್ಯವೇ! 1994ರಲ್ಲಿ ನಿಲ್ಲಿಸಿದ್ದ ಆ ನೋಟನ್ನು 2015ರಲ್ಲಿ ಮತ್ತೆ ಅಚ್ಚು ಹಾಕಿದರು. ಮದುವೆ ಮನೆಯಲ್ಲಿ ನೂರೊಂದು ಮುಯ್ಯಿ ಮಾಡುವವರಿಗೆ ಅನುಕೂಲವಾಯಿತು ಎನ್ನಿ. ಕಾಗದದ್ದು ನಾಣ್ಯ, ಲೋಹದ್ದು ಬಾಟಲಿ. ಅದೇ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ: ಒಂದು ರೂಪಾಯಿ ಮತ್ತು ಅದಕ್ಕೆ ಮೇಲಿನ ನಾಣ್ಯಗಳು ಸಾವಿರ ರೂಪಾಯಿಯವರೆಗಿನ ಪಾವತಿಗೆ ಮಾನ್ಯ. ನನ್ನ ನಾನೂರ ಮೂವತ್ತು ಸುಭದ್ರವಾಗಿ ಅದರೊಳಗಿದೆ. ಮನೆಯ ಮುಂದೆ ಕೂಗುತ್ತಾ ಹೋಗುವ ಗುಜರಿಯವರೊಬ್ಬರು ಮಾತ್ರ ಬಾಟಲಿ ಸಮೇತ ತೂಕಕ್ಕೆ ಹಾಕಿಕೊಳ್ಳಲು ಒಪ್ಪಿದ್ದರು. ಆದರೆ ನಾಣ್ಯ ಕರಗಿಸುವುದು ಅದೇ ಕಾಯ್ದೆಯಡಿ ಜೈಲಿಗೆ ಕಳಿಸುವ ಅಪರಾಧ. ಇಡೀ ಊರಿನಲ್ಲಿ ನನ್ನ ನಾಣ್ಯಕ್ಕೆ ಬೆಲೆ ಕೊಟ್ಟ ಏಕೈಕ ವ್ಯಕ್ತಿಯನ್ನು ಜೈಲಿಗೆ ಕಳಿಸಲು ಮನಸ್ಸು ಬರಲಿಲ್ಲ.

ಇಂಥ ಬರಹದಲ್ಲಿ ಈ ಹೊತ್ತಿಗೆ ತುಘಲಕನ ಹೆಸರು ಬಂದಿರಬೇಕಿತ್ತು ಎಂದು ಓದುಗರು ಕಾಯುತ್ತಿರಬಹುದು. ಪಾಪ, ಅವನ ಕಷ್ಟ ತದ್ವಿರುದ್ಧದ್ದು. ಅವನು ತಾಮ್ರದ ನಾಣ್ಯ ತಂದಾಗ ಜನ ಮನೆಮನೆಯಲ್ಲೂ ನಕಲಿ ಅಚ್ಚು ಹಾಕಿ ಅಸಲಿ ಎಂದು ಖಜಾನೆಗೆ ತಂದು ಸುರಿದರು. ಈಗ ಖಜಾನೆಯವರೇ ಅಸಲಿ ಅಚ್ಚು ಹಾಕಿ ಕೊಟ್ಟರೂ ಜನ ನಕಲಿ ಎನ್ನುತ್ತಾರೆ.

ಸರ್ಕಾರಕ್ಕೆ ಶಕ್ತಿಯಿಲ್ಲ ಎನ್ನುವಂತಿಲ್ಲ. 2016ರ ನವೆಂಬರ್ 8ರ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಭಾಷಣ ಶುರುವಾಯಿತು, ಹನ್ನೆರಡಕ್ಕೆ ಐನೂರು, ಸಾವಿರದ ನೋಟುಗಳ ಪ್ರಾಣ ಹೋಯಿತು. ನಾಲ್ಕೇ ಗಂಟೆ. ಮರುದಿನ ಬೆಳಿಗ್ಗೆ ಶೆಟ್ಟರು ಐನೂರರ ನೋಟನ್ನು ಹಾವಿನಂತೆ ದೂರ ಸರಿಸಿದರು. ಯಾವ ಗೆರೆಯನ್ನೂ ಎಣಿಸಲಿಲ್ಲ. ಹಣವನ್ನು ಕೊಲ್ಲಲು ನಾಲ್ಕು ಗಂಟೆ ಸಾಕಾದ ಸರ್ಕಾರಕ್ಕೆ ಹತ್ತು ರೂಪಾಯಿಯ ಒಂದು ನಾಣ್ಯಕ್ಕೆ ಜೀವ ತುಂಬಲು ಒಂದೂವರೆ ದಶಕ ಸಾಲದಾಗಿದೆ. ಆ ರಾತ್ರಿ ಹುಟ್ಟಿದ ಎರಡು ಸಾವಿರದ ನೋಟು ಅಚ್ಚಾದದ್ದು ನಮ್ಮ ಮೈಸೂರಿನಲ್ಲಿ. ಅದರೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಹುಡುಕುತ್ತದೆ ಎಂದು ಟಿವಿಯವರು ಹೇಳಿದ್ದನ್ನು ಜನ ಒಂದೇ ಸಂಜೆಯಲ್ಲಿ ನಂಬಿದರು. ನಾಣ್ಯ ಮಾನ್ಯ ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದನ್ನು ಇನ್ನೂ ನಂಬಿಲ್ಲ. ಆ ನೋಟನ್ನೂ 2023ರ ಮೇ ತಿಂಗಳಲ್ಲಿ ಹಿಂದಕ್ಕೆ ಕರೆದರು, ‘ಮಾನ್ಯತೆ ಮುಂದುವರಿಯುತ್ತದೆ’ ಎಂಬ ಷರಾದೊಂದಿಗೆ. ನನ್ನ ಬಾಟಲಿಯ ಸ್ಥಿತಿಯೂ ಅದೇ.

ಅಂದಹಾಗೆ, ಹತ್ತು ರೂಪಾಯಿಯ ಪ್ಲಾಸ್ಟಿಕ್ ನೋಟು ತರುವುದಾಗಿಯೂ ಒಮ್ಮೆ ಹೇಳಿದ್ದರು. ಪ್ರಯೋಗಕ್ಕೆ ಆರಿಸಿದ ಐದು ನಗರಗಳಲ್ಲಿ ಮೈಸೂರೂ ಇತ್ತು. ಇಂದು ಬರುತ್ತದೆ ನಾಳೆ ಬರುತ್ತದೆ ಎಂದು ಮೈಸೂರಿನವರು ಕಾಯುತ್ತಲೇ ಇದ್ದಾರೆ. ಬಂದಿದ್ದರೆ ಶೆಟ್ಟರು ಅದರಲ್ಲಿ ಏನನ್ನು ಎಣಿಸುತ್ತಿದ್ದರೋ.

ಬಾಟಲಿಯನ್ನು ಬ್ಯಾಂಕಿಗೂ ಒಯ್ದು ನೋಡಿದೆ. ಹೆಸರು ಬೇಡ, ಎಲ್ಲ ಬ್ಯಾಂಕುಗಳೂ ನನಗೆ ಬಂಧುಗಳೇ. ಕಿಟಕಿಯಾಚೆಯ ತಾಯಿ ಬಾಟಲಿಯನ್ನು ನೋಡಿದವರೇ “ಎಣಿಸುವವರು ರಜೆಯಲ್ಲಿದ್ದಾರೆ” ಎಂದರು. ನಲವತ್ತಮೂರನ್ನು ನಾನೇ ಎಣಿಸಿ ಕೊಡುತ್ತೇನೆ ಎಂದೆ. ಗ್ರಾಹಕರು ಎಣಿಸಿದ್ದನ್ನು ನಂಬುವಂತಿಲ್ಲವಂತೆ. ಮನೆಗೆ ಬಂದು ಪತ್ರಿಕೆ ತೆರೆದರೆ, ರಿಸರ್ವ್ ಬ್ಯಾಂಕ್ 2023ರಲ್ಲಿ ಘೋಷಿಸಿದ ಯಂತ್ರವೊಂದರ ವಿಷಯ ಬರೆದಿದ್ದರು. ಹನ್ನೆರಡು ನಗರಗಳ ಹತ್ತೊಂಬತ್ತು ಜಾಗಗಳಲ್ಲಿ ಪ್ರಯೋಗವಂತೆ. ಮೊಬೈಲಿನಿಂದ ಹಣ ಪಾವತಿಸಿದರೆ ಯಂತ್ರ ಅಷ್ಟೇ ಬೆಲೆಯ ನಾಣ್ಯಗಳನ್ನು ಉದುರಿಸುತ್ತದೆ. ಅಂದರೆ ಎಲ್ಲರೂ ತೆಗೆದುಕೊಳ್ಳುವ ಹಣ ಕೊಟ್ಟು ಯಾರೂ ತೆಗೆದುಕೊಳ್ಳದ ಹಣ ಪಡೆಯುವ ವ್ಯವಸ್ಥೆ. ಇದರ ತಿರುಗುಮುರುಗು ಯಂತ್ರ ಎಲ್ಲಿದೆ ಎಂದು ಪತ್ರಿಕೆಯ ಕೊನೆಯ ಪುಟದವರೆಗೆ ಹುಡುಕಿದೆ.

ಸಂಜೆ ದೇವರ ದೀಪದ ಹೊತ್ತಾದರೂ ಊದುಬತ್ತಿ ಬಂದಿರಲಿಲ್ಲ. ಮತ್ತೆ ಶೆಟ್ಟರ ಅಂಗಡಿಗೆ ಹೋಗಿ, ಗಲ್ಲಾಪೆಟ್ಟಿಗೆಗೆ ಅಂಟಿಸಿದ್ದ ಕಪ್ಪುಬಿಳುಪು ಚೌಕಕ್ಕೆ ಮೊಬೈಲ್ ತೋರಿಸಿದೆ. ಪಕ್ಕದ ಪುಟ್ಟ ಡಬ್ಬಿ “ಹತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಕೂಗಿತು. ಶೆಟ್ಟರು ಕನ್ನಡಕ ಏರಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಊದುಬತ್ತಿ ಕೈಗಿಟ್ಟರು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕರೆದರು.

“ಸಾರ್, ಆ ಬಾಟಲಿ ಖಾಲಿಯಾದರೆ ನನಗೆ ಕೊಡಿ. ಸಾಸಿವೆ ಹಾಕಿಡಲು ಬೇಕು.”