ಕೈ ಹೋಗದ ಬೋಲ್ಟಿಗೆ ಪಾನಾ ಬೇಕು

ಕಾರಿನ ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಮೋಟರಿನ ಮೇಲಿನ ಬೋಲ್ಟ್, ಹೊಗೆ ಹೊರಹಾಕುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗಿನ ನಟ್ಟು. ಇಂಥವಕ್ಕೆ ಬೆಳಗಾವಿಯ ಮಿಸ್ತ್ರಿಗಳು ಅಂಗಡಿ ಹುಡುಕಿಕೊಂಡು ಹೋಗುವುದಿಲ್ಲ. ಹಳೆಯ ರಿಂಗ್ ಪಾನಾ ಒಂದನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಆ ಸಂದಿಗೆ ಹೊಂದುವ ಹಾಗೆ ಬಗ್ಗಿಸಿ, ಅಂಚನ್ನು ಗ್ರೈಂಡರಿಗೆ ಹಿಡಿದು ತೆಳ್ಳಗೆ ಮಾಡಿ ಕೆಲಸ ಮುಗಿಸುತ್ತಾರೆ. ಅದು ನಿಜವಾದ ವಿದ್ಯೆ.

ನಾನಿರುವ ಅಮೆರಿಕದಲ್ಲಿ ದಾರಿ ಬೇರೆ. ಬಿಡಿಭಾಗ ಮಾರುವ ದೊಡ್ಡ ಅಂಗಡಿಗಳಲ್ಲಿ ಕೆಲವು ವಿಶೇಷ ಟೂಲುಗಳನ್ನು ಠೇವಣಿ ಕಟ್ಟಿ ಒಯ್ಯಬಹುದು, ಸರಿಯಾಗಿ ತಂದುಕೊಟ್ಟರೆ ಅಷ್ಟೂ ದುಡ್ಡು ವಾಪಸ್. ವರ್ಷಕ್ಕೊಮ್ಮೆ ಬೇಕಾಗುವ ಟೂಲನ್ನು ಯಾರು ಕೊಳ್ಳುತ್ತಾರೆ, ಅಲ್ವಾ?

ಆದರೆ ನನ್ನ ತಕರಾರು ಬೋಲ್ಟ್ ಬಿಗಿಯುವ ಹೊತ್ತಿನದು. ಬಿಚ್ಚಲು ಬಗ್ಗಿಸಿದ ಪಾನಾ ಸಾಕು. ಬಿಗಿಯಲು ಸಾಲದು. ಕೆಂಪಗೆ ಕಾಯಿಸಿದ ಉಕ್ಕು ತನ್ನ ಗಡಸುತನ ಕಳೆದುಕೊಳ್ಳುತ್ತದೆ, ಬಾಯಿ ಅಗಲವಾಗಿ ಬೋಲ್ಟಿನ ಮೂಲೆಗಳನ್ನು ಸವೆಸುತ್ತದೆ. ಅದಕ್ಕಿಂತ ಜಾಸ್ತಿ ಚಿಂತೆ ಎಂದರೆ ಎಷ್ಟು ಬಿಗಿಯಾಯಿತು ಎಂಬುದು ಕೈ ಅಂದಾಜಿಗೇ ಬಿಟ್ಟದ್ದು, ಅದೂ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಒಂದು ಥ್ರೆಡ್ ಹೋಯಿತೆಂದರೆ ಇಡೀ ಹೆಡ್ಡು ಬಿಚ್ಚಬೇಕಾಗಬಹುದು.

ಇದಕ್ಕೇ ಕ್ರೋಫೂಟ್ ಎಂಬ ಪಾನಾ ಇದೆ. ಹಿಡಿಕೆ ಇರುವುದಿಲ್ಲ, ಬರೀ ಬಾಯಿ, ಹಿಂದೆ ಚೌಕದ ತೂತು. ಎಷ್ಟು ಬಿಗಿಯಾಯಿತೆಂದು ಅಳೆದು ಹೇಳುವ ಟಾರ್ಕ್ ರೆಂಚಿನ ತುದಿಗೆ ಸಿಕ್ಕಿಸಿದರೆ ಸಾಕೆಟ್ ಕೂರದ ಕಡೆಯೂ ಅಳತೆಯಲ್ಲಿ ಬಿಗಿಯಬಹುದು. ಒಂದು ಲೆಕ್ಕ ಮಾತ್ರ ಮರೆಯಬಾರದು. ಕ್ರೋಫೂಟನ್ನು ನೇರ ಮುಂದಕ್ಕೆ ಹಾಕಿದರೆ ರೆಂಚಿನ ಉದ್ದ ಹೆಚ್ಚಿದಂತಾಗಿ, ಇಟ್ಟ ಅಳತೆಗಿಂತ ಜಾಸ್ತಿ ಬಿಗಿಯುತ್ತದೆ. 400 ಮಿ.ಮೀ. ರೆಂಚಿಗೆ 40 ಮಿ.ಮೀ. ಸೇರಿದರೆ, 40 ನ್ಯೂಟನ್ ಮೀಟರ್ ಬಿಗಿತ ಬೇಕಿದ್ದಾಗ ಸುಮಾರು 36ಕ್ಕೆ ಇಡಬೇಕು. 90 ಡಿಗ್ರಿಗೆ ತಿರುಗಿಸಿ ಹಾಕಿದರೆ ಈ ತಲೆನೋವಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ, ಲೇಥು, ಗ್ರೈಂಡಿಂಗು ಎಲ್ಲ ಇದೆ, ಅದೇ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಭಾಗಗಳೇ ತಯಾರಾಗುತ್ತವೆ. ಅಂಥ ಊರಿನ ಗ್ಯಾರೇಜಿನಲ್ಲಿ ಟಾರ್ಕ್ ರೆಂಚ್ ಇಲ್ಲವೆಂದರೆ ನನಗೆ ನಿಜಕ್ಕೂ ಬೇಜಾರು. ಒಂದೊಂದು ಗ್ಯಾರೇಜೂ ಕೊಳ್ಳಬೇಕಿಲ್ಲ. ನಾಲ್ಕೈದು ಗ್ಯಾರೇಜಿನವರು ಸೇರಿ ಒಂದು ಒಳ್ಳೆಯ ಟಾರ್ಕ್ ರೆಂಚು, 8ರಿಂದ 19 ಮಿ.ಮೀ.ವರೆಗಿನ ಕ್ರೋಫೂಟ್ ಸೆಟ್ಟು ತಂದು, ಯಾರಾದರೊಬ್ಬ ಬಿಡಿಭಾಗದ ಅಂಗಡಿಯವರ ಹತ್ತಿರ ಇಡಲಿ. ಠೇವಣಿ ಕಟ್ಟಿ ಒಯ್ಯಲಿ, ಸಂಜೆ ತಂದುಕೊಡಲಿ. ಬಗ್ಗಿಸಿದ ಪಾನಾ ಬಿಚ್ಚೋದಕ್ಕೆ ಇದ್ದೇ ಇದೆಯಲ್ಲ.